ಹುರಿಮೀಸೆಯ ಫೋಟೋ

ಮೂಡಲಪಾಳ್ಯ
26-9-1983

ಕೆಂಗೇರಿಯ ಹುಡುಕಾಟ ಬಳಗದ ಮುಖ್ಯಸ್ಥರಾದ ಸುಬೇದಾರ್ ಮುನಿರಾಮಯ್ಯನವರಿಗೆ, ಮೂಡಲಪಾಳ್ಯದ ಚಿಕ್ಕಹನುಮಯ್ಯನ ನಮಸ್ಕಾರಗಳು.

ನನ್ನ ಅಣ್ಣ ದೊಡ್ಡಹನುಮಯ್ಯ ಮನೆಯಿಂದ ಹೋಗಿ ಇವತ್ತಿಗೆ ಇಪ್ಪತ್ತು ದಿನ. ನೀವು ಹುಡುಕಲು ಶುರುಮಾಡಿ ನಿನ್ನೆಗೆ ಮೂರು ಭಾನುವಾರ. ಫಲ ಏನೆಂದು ಕೇಳಿದರೆ ನನ್ನ ಎರಡು ಪಂಚೆ ಹರಿದಿವೆ, ಅಂಗಾಲಿನಲ್ಲಿ ಲಂಟಾನದ ಮುಳ್ಳು ಮುರಿದು ಕೂತಿದೆ. ಎದುರಿಗೆ ಹೇಳೋಣವೆಂದರೆ ನೀವು ಸೀಟಿ ಊದುತ್ತಾ ಮುಂದೆ ಹೋಗಿಬಿಡುತ್ತೀರಿ. ಆದ್ದರಿಂದ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಬರೆದವನು ನಾನು, ಬಾಯಿಗಿಂತ ಪೆನ್ನು ನನಗೆ ಹತ್ತಿರ.

ನನ್ನ ತಕರಾರು ಇಷ್ಟು. ಜ್ಞಾನಭಾರತಿಯ ಆ ಕುರುಚಲು ಕಾಡಿನಲ್ಲಿ ಮೂರು ಭಾನುವಾರ ಕಳೆಯುವ ಅಗತ್ಯವೇನಿತ್ತು? ಇಪ್ಪತ್ತಾರು ಜನ ಹತ್ತು ಹೆಜ್ಜೆಗೊಬ್ಬರಂತೆ ಸಾಲಾಗಿ ನಿಂತು, ಕೋಲಿನಿಂದ ಪೊದೆ ಸರಿಸುತ್ತಾ, ಬಂಡೆಗೆಲ್ಲ ಸುಣ್ಣದಲ್ಲಿ ಗುರುತು ಹಾಕುತ್ತಾ ಹೋಗುವುದು. ನನ್ನ ಅಣ್ಣ ಅರವತ್ತೇಳು ವರ್ಷದ ರೈತ. ಯೂನಿವರ್ಸಿಟಿಯಲ್ಲಿ ಅವನಿಗೇನು ಕೆಲಸ? ಕಾಣೆಯಾದವರು ಮೊದಲು ಹೋಗುವುದು ಮೆಜೆಸ್ಟಿಕ್ಕಿಗೆ. ಇದು ಕಾಮನ್ ಸೆನ್ಸ್. ಇಂಟರ್ಮೀಡಿಯೆಟ್ಟಿನಲ್ಲಿ ನಮ್ಮ ಲಾಜಿಕ್ ಮೇಷ್ಟರು ಇಂಥ ತಪ್ಪಿಗೆ ಒಂದು ಹೆಸರು ಹೇಳುತ್ತಿದ್ದರು. ಫ್ಯಾಲಸಿ ಆಫ್ ಏನೋ ಒಂದು. ಮುಂದಿನ ಪದ ಮರೆತಿದೆ, ತಪ್ಪು ಮಾತ್ರ ಅದೇ.

ಠಾಣೆಗೆ ನಾಲ್ಕು ಸಲ ಹೋಗಿ ಬಂದೆ. ಅಲ್ಲಿಯ ರೈಟರು ಪ್ರತಿ ಸಲವೂ, "ನಿಮ್ಮಣ್ಣ ಏನ್ ಎಳೇ ಮಗೂನಾ ಸಾರ್? ನೆಂಟರ ಮನೇಲಿ ಉಂಡ್ಕೊಂಡು ಆರಾಮಾಗಿರ್ತಾರೆ, ಹೋಗಿ" ಅನ್ನುತ್ತಾನೆ. ನೆಂಟರು ಎಲ್ಲಿದ್ದಾರೆ? ಅತ್ತಿಗೆ ತೀರಿಕೊಂಡು ಇಪ್ಪತ್ತು ವರ್ಷ, ಅಣ್ಣನಿಗೆ ಮಕ್ಕಳಿಲ್ಲ. ನನ್ನ ಹೆಂಡತಿ ಇಂದ್ರಮ್ಮ ಹೋಗಿ ಮೂರು ವರ್ಷ. ಮುಂದಿನ ಮನೆಯಲ್ಲಿ ನಾನು, ಹಿತ್ತಲ ಕೋಣೆಯಲ್ಲಿ ಅವನು. ಒಂದೇ ಕಾಂಪೌಂಡು, ಒಂದೇ ಒಲೆಯ ಊಟ.

ಇನ್ನೊಮ್ಮೆ ವಿವರ ಕೊಡುತ್ತೇನೆ, ನಿಮ್ಮವರು ಸರಿಯಾಗಿ ಓದಿಕೊಳ್ಳಲಿ. ಸೆಪ್ಟೆಂಬರ್ 6, ಮಂಗಳವಾರ, ಬೆಳಿಗ್ಗೆ ಏಳೂವರೆ. ನನ್ನೊಡನೆ ಮಾತಾಡಿಕೊಂಡೇ ಹೊರಟ. ಬಿಳಿ ಶರ್ಟು, ಹೆಗಲ ಮೇಲೆ ಹಸಿರು ಶಾಲು. ಹಿಂದಕ್ಕೆ ಬಾಚಿದ ಬೆಳ್ಳಿ ಕೂದಲು, ಹುರಿಮೀಸೆ. ಫೋಟೋ ನನ್ನ ನಿವೃತ್ತಿಯ ಸಮಾರಂಭದ್ದು, ತುಂಬ ಕ್ಲಿಯರ್ ಆಗಿದೆ. ಆ ಮೀಸೆ ನೋಡಿದವರು ಮರೆಯಲು ಸಾಧ್ಯವೇ ಇಲ್ಲ. ಇಂಥ ಫೋಟೋ ಕೈಯಲ್ಲಿಟ್ಟುಕೊಂಡೂ ಸಿಗುವುದಿಲ್ಲವೆಂದರೆ ಹುಡುಕುವವರಲ್ಲೇ ಏನೋ ಕೊರತೆಯಿದೆ ಎಂದು ದಿ ಅಂಡರ್‌ಸೈನ್ಡ್ ಭಾವಿಸಬೇಕಾಗುತ್ತದೆ.

ಬೇಸರ ಬೇಡ. ಬೇಸರವಾದರೂ ಹುಡುಕುವುದನ್ನು ಬಿಡಬೇಡಿ.

ನಿಮ್ಮ ವಿಶ್ವಾಸಿ,
ಚಿಕ್ಕಹನುಮಯ್ಯ


ಕೆಂಗೇರಿ
30-9-1983

ಶ್ರೀ ಚಿಕ್ಕಹನುಮಯ್ಯನವರಿಗೆ,

ಪತ್ರ ಮುಟ್ಟಿತು. ಮುಳ್ಳಿಗೆ ಎಕ್ಕದ ಹಾಲು ಹಚ್ಚಿ.

ಮನೆಯಿಂದ ನಡೆದು ಮುಟ್ಟಬಹುದಾದ ಜಾಗ ಮೊದಲು, ಬಸ್ಸು ಹತ್ತಿ ಮುಟ್ಟುವ ಜಾಗ ಆಮೇಲೆ. ಇದು ನಮ್ಮ ಕ್ರಮ. ಮೆಜೆಸ್ಟಿಕ್ಕಿನಲ್ಲಿ ಬಿದ್ದವರನ್ನು ಸಾವಿರ ಜನ ನೋಡುತ್ತಾರೆ. ಲಂಟಾನದೊಳಗೆ ಬಿದ್ದವರನ್ನು ನೋಡುವವರು ನಾವಷ್ಟೇ. ಹೋದ ಜನವರಿಯಲ್ಲಿ ಆರ್‌ಪಿಸಿ ಲೇಔಟಿನ ಒಬ್ಬ ಅಜ್ಜಿ ಅಲ್ಲೇ ಒಂದು ಹಳ್ಳದಲ್ಲಿ ಎರಡು ದಿನ ಬಿದ್ದಿದ್ದರು. ಕೂಗಲು ಶಕ್ತಿಯಿರಲಿಲ್ಲ, ಬಳೆಯಿಂದ ಕಲ್ಲಿಗೆ ಕುಟ್ಟುತ್ತಿದ್ದರು. ಸಾಲಿನ ಹನ್ನೊಂದನೆಯವನಿಗೆ ಕೇಳಿಸಿತು. ಹತ್ತು ಹೆಜ್ಜೆಯ ಬದಲು ಹದಿನೈದು ಹೆಜ್ಜೆಗೊಬ್ಬರು ನಿಂತಿದ್ದರೆ ಕೇಳಿಸುತ್ತಿರಲಿಲ್ಲ. ಸುಣ್ಣದ ಗುರುತು ಹಾಕದಿದ್ದರೆ ನೋಡಿದ ಜಾಗವನ್ನೇ ಮತ್ತೆ ನೋಡಿ, ನೋಡದ ಜಾಗವನ್ನು ಬಿಟ್ಟು ಮನೆಗೆ ಹೋಗುತ್ತೇವೆ.

ನಮ್ಮವರು ಹಾಲಿನ ವ್ಯಾನಿನ ಡ್ರೈವರು, ಕರೆಂಟಿನ ಲೈನ್‌ಮನ್, ಹಾಸ್ಟೆಲ್ಲಿನ ಅಡಿಗೆಯವರು. ವಾರಕ್ಕೊಂದೇ ರಜೆ. ಆ ರಜೆಯನ್ನು ನಿಮ್ಮ ಅಣ್ಣನಿಗೆ ಕೊಡುತ್ತಿದ್ದಾರೆ.

ಕೆಲವು ಪ್ರಶ್ನೆಗಳಿವೆ. ಹಿಂದೆಯೂ ಕೇಳಿದ್ದೆ, ನೀವು ಬೇರೆ ಮಾತಿಗೆ ಹೋದಿರಿ. ಆ ದಿನ ಅವರು ಏನು ತಿಂದರು? ಎಲ್ಲಿಗೆ ಹೋಗುತ್ತೇನೆಂದರು? ಯಾವ ಚಪ್ಪಲಿ? ಮನೆಯಲ್ಲಿ ಏನಾದರೂ ಮಾತು ಬಂದಿತ್ತೇ? ಇದ್ದುದನ್ನು ಇದ್ದಂತೆ ಬರೆಯಿರಿ. ಅಕ್ಟೋಬರ್ 2 ಮತ್ತು 9ರಂದು ಜ್ಞಾನಭಾರತಿಯ ಆಚೆಯ ತೋಟಗಳಿಗೆ ಹೋಗುತ್ತೇವೆ.

ಇತಿ,
ಮುನಿರಾಮಯ್ಯ


ಮೂಡಲಪಾಳ್ಯ
12-10-1983

ಸುಬೇದಾರರಿಗೆ ವಂದನೆಗಳು.

ಎರಡು ಭಾನುವಾರವೂ ನಾನು ನಿಮ್ಮೊಂದಿಗೆ ಬರಲಿಲ್ಲ. ಕಾರಣ ನಿಮಗೆ ಗೊತ್ತು. ನನ್ನ ಸ್ವಂತ ತೀರ್ಮಾನದ ಮೇಲೆ ಮೆಜೆಸ್ಟಿಕ್ಕಿಗೆ ಹೋಗಿದ್ದೆ. ಬಸ್ ನಿಲ್ದಾಣದ ಕಂಬದ ಪಕ್ಕ ಫೋಟೋ ಹಿಡಿದು ಬೆಳಿಗ್ಗೆಯಿಂದ ನಿಂತೆ. ಜುಲೈನಲ್ಲಿ ಹರ್ನಿಯಾ ಆಪರೇಷನ್ ಆದವನು ಹಾಗೆ ನಿಲ್ಲಬಾರದು, ಡಾಕ್ಟರು ಖಡಾಖಂಡಿತ ಹೇಳಿದ್ದರು. ನಿಂತೆ. ಒಬ್ಬ ಕಂಡಕ್ಟರು ಫೋಟೋ ನೋಡಿ, "ಏನ್ ಸಾರ್, ಎಲೆಕ್ಷನ್‌ಗೆ ನಿಂತವ್ರಾ?" ಅಂದ. ಇನ್ನೊಬ್ಬ, "ನಾಟಕದ ಕಂಪನಿಯವ್ರಾ?" ಅಂದ. ಒಬ್ಬರ ಕಷ್ಟ ಇನ್ನೊಬ್ಬರಿಗೆ ತಮಾಷೆ.

ನಿಮ್ಮವರ ಸಾಧನೆಯನ್ನೂ ಕೇಳಿದೆ. ಹೋದ ಬುಧವಾರ ವಿಜಯನಗರದ ಬಸ್‌ಸ್ಟಾಪಿನಲ್ಲಿ ನಿಮ್ಮ ಬಳಗದ ಇಬ್ಬರು ಹುರಿಮೀಸೆಯ ಒಬ್ಬ ಹಿರಿಯರನ್ನು ಹಿಡಿದುಕೊಂಡು, "ದೊಡ್ಡಹನುಮಯ್ಯನೋರೇ, ಮನೆಗೆ ನಡೀರಿ, ಎಲ್ಲಾ ಕಾಯ್ತಾವ್ರೆ" ಎಂದು ನನ್ನ ಬಾಗಿಲಿಗೇ ಕರೆತಂದರು. ಅವರು ರೈಲ್ವೆಯ ನಿವೃತ್ತ ಗಾರ್ಡು. ಪಾಪ, ದಾರಿಯುದ್ದಕ್ಕೂ ಬೈದುಕೊಂಡು ಬಂದಿದ್ದಾರೆ. ನನ್ನ ಗೇಟಿನ ಮುಂದೆ ನಿಂತು, "ನೋಡ್ರೀ, ನಾನ್ ನಿಮ್ಮಣ್ಣನಾ? ಹೌದಾ? ಹೇಳ್ರೀ ಇವರಿಗೆ!" ಎಂದು ಕೂಗಾಡಿದರು. ಎದುರು ಮನೆಯವರು, ಪಕ್ಕದ ಮನೆಯವರು ಎಲ್ಲರೂ ಹೊರಗೆ ಬಂದರು. ಒಳಗೆ ಕರೆದು ಕಾಫಿ ಕೊಟ್ಟು ಕಳಿಸಿದೆ. ಅವರು ಹೋದ ಮೇಲೆ, ಯಾಕೋ ಗೊತ್ತಿಲ್ಲ, ಅವರು ಕುಡಿದ ಲೋಟವನ್ನು ತುಂಬ ಹೊತ್ತು ನೋಡುತ್ತಾ ಕೂತಿದ್ದೆ.

ನಿಮ್ಮ ಪ್ರಶ್ನೆಗಳಿಗೆ ಉತ್ತರ: ತಿಂದದ್ದು ಉಪ್ಪಿಟ್ಟು. ಎಲ್ಲಿಗೆಂದು ಹೇಳಲಿಲ್ಲ. ಚಪ್ಪಲಿ ಮಾಮೂಲಿನದು. ಮನೆಯಲ್ಲಿ ಯಾವ ಮಾತೂ ಬಂದಿಲ್ಲ. ಇಂಥ ಪ್ರಶ್ನೆಗಳಿಂದ ಯಾವ ಉಪಯೋಗವೂ ಇಲ್ಲವೆಂದು, ಟು ದಿ ಬೆಸ್ಟ್ ಆಫ್ ಮೈ ನಾಲೆಜ್ ಅಂಡ್ ಬಿಲೀಫ್, ಸ್ಪಷ್ಟಪಡಿಸುತ್ತೇನೆ. ಕಳೆದುಹೋದವನು ಅವನು. ವಿಚಾರಣೆ ಮಾತ್ರ ನನ್ನದು ನಡೆಯುತ್ತಿದೆ.

ತೋಟಗಳಲ್ಲಿ ಏನಾಯಿತು? ಅದನ್ನಾದರೂ ತಿಳಿಸಿ.

ಇಂತಿ,
ಚಿಕ್ಕಹನುಮಯ್ಯ


ಕೆಂಗೇರಿ
24-10-1983

ಶ್ರೀ ಚಿಕ್ಕಹನುಮಯ್ಯನವರಿಗೆ,

ತೋಟಗಳಲ್ಲಿ ಏನೂ ಆಗಲಿಲ್ಲ. ನಲವತ್ತೊಂದು ಮನೆಗೆ ಫೋಟೋ ತೋರಿಸಿದೆವು. ಯಾರೂ ಕಂಡಿಲ್ಲ.

ಏಳು ಭಾನುವಾರ ಆಯಿತು. ಸದ್ಯಕ್ಕೆ ನಿಲ್ಲಿಸುತ್ತಿದ್ದೇವೆ. ಕಾರಣ ನಿಮಗೇ ಹೇಳಬೇಕು. ನಿಮ್ಮ ಬೀದಿಯ ತುದಿಯಲ್ಲಿ ಸೋಡಾ ಅಂಗಡಿಯಿದೆ, ಆತ ಆರಕ್ಕೇ ಬಾಗಿಲು ತೆಗೆಯುತ್ತಾನೆ. ಆ ಮಂಗಳವಾರ ಹಸಿರು ಶಾಲಿನವರು ಯಾರೂ ಅವನ ಮುಂದೆ ಹಾದುಹೋಗಿಲ್ಲ. ಹಾಲಿನವರು ಕಂಡಿಲ್ಲ. ಬಸ್‌ಸ್ಟಾಪಿನ ಹೂವಿನವಳು ಕಂಡಿಲ್ಲ. ಹುರಿಮೀಸೆಯ, ಬೆಳ್ಳಿ ಕೂದಲಿನ, ಹಸಿರು ಶಾಲಿನ ಮನುಷ್ಯ ಹಗಲು ಹೊತ್ತಿನಲ್ಲಿ ಮೂಡಲಪಾಳ್ಯದಿಂದ ಯಾರ ಕಣ್ಣಿಗೂ ಬೀಳದೆ ಹೋಗಿದ್ದಾರೆ. ನೀವು ಸುಳ್ಳು ಹೇಳಿದ್ದೀರಿ ಎನ್ನುತ್ತಿಲ್ಲ. ಸೇರುತ್ತಿಲ್ಲ ಎನ್ನುತ್ತಿದ್ದೇನೆ.

ನೀವು ಹೇಳಿದ ಮಾತಿನ ಮೇಲೆಯೇ ನಾವು ಎಲ್ಲಿ ನಡೆಯಬೇಕು, ಯಾರನ್ನು ಕೇಳಬೇಕು ಎಂದು ತೀರ್ಮಾನಿಸುತ್ತೇವೆ. ಅದು ಓರೆಯಾದರೆ ಇಪ್ಪತ್ತಾರು ಜನರ ನಡಿಗೆಯೂ ಓರೆ.

ಹೇಳಬೇಕಾದ್ದು ಏನಾದರೂ ಇದ್ದರೆ ಬನ್ನಿ. ಇಲ್ಲವೇ ಬರೆಯಿರಿ.

ಇತಿ,
ಮುನಿರಾಮಯ್ಯ


ಮೂಡಲಪಾಳ್ಯ
27-10-1983

ಮುನಿರಾಮಯ್ಯನವರೇ,

ನಿಮ್ಮ ಪತ್ರ ಓದಿ ಮೈ ಉರಿದುಹೋಯಿತು. ಸೋಡಾ ಅಂಗಡಿಯವನ ಮಾತಿಗಿರುವ ಬೆಲೆ ಒಡಹುಟ್ಟಿದವನ ಮಾತಿಗಿಲ್ಲ. ಸೈನ್ಯದಲ್ಲಿ ಹೀಗೇ ಮಾಡುತ್ತಿದ್ದಿರಾ? ಕೈಲಾಗದಿದ್ದರೆ ಕೈಲಾಗಲಿಲ್ಲ ಎಂದು ಒಪ್ಪಿಕೊಳ್ಳುವುದು ಜಂಟಲ್‌ಮನ್ನಿನ ಲಕ್ಷಣ. ಅದನ್ನು ಬಿಟ್ಟು ಮನೆಯವರ ಮೇಲೆ ಗೂಬೆ ಕೂರಿಸುವುದಲ್ಲ.

ನನ್ನ ಫೋಟೋವನ್ನು ವಾಪಸ್ಸು ಕಳಿಸಿ. ನಾನೇ ಹುಡುಕಿಕೊಳ್ಳುತ್ತೇನೆ. ಈ ಪತ್ರಕ್ಕೆ ಉತ್ತರದ ಅವಶ್ಯಕತೆ ಇಲ್ಲ.

ಚಿಕ್ಕಹನುಮಯ್ಯ


ಮೂಡಲಪಾಳ್ಯ
19-11-1983

ಸುಬೇದಾರ್ ಮುನಿರಾಮಯ್ಯನವರಿಗೆ,

ಉತ್ತರ ಬೇಡವೆಂದು ಬರೆದವನೇ ಮತ್ತೆ ಬರೆಯುತ್ತಿದ್ದೇನೆ. ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಹರಿಯುವ ಮೊದಲೇ ಡಬ್ಬಿಗೆ ಹಾಕಿಬಿಡುತ್ತೇನೆ.

ನಮ್ಮ ಮನೆಗೆ ಅಡಿಗೆಗೆ ಬರುವ ಪಾಪಮ್ಮನನ್ನು ನೀವು ನೋಡಿರಬಹುದು. ಮಧ್ಯಾಹ್ನದ ಮುದ್ದೆಯನ್ನು ಮೊದಲು ನನಗೆ ಬಡಿಸಿ, ಆಮೇಲೆ ಹಿತ್ತಲ ಕೋಣೆಗೆ ತೆಗೆದುಕೊಂಡು ಹೋಗುತ್ತಿದ್ದಳು. ಮೊನ್ನೆ ಮಜ್ಜಿಗೆ ಬಡಿಸುತ್ತಾ ತನ್ನಷ್ಟಕ್ಕೆ, "ಏನ್ ಚಳಿ ಬಂತಪ್ಪ ಈ ವರ್ಷ. ದೊಡ್ಡಯ್ಯೋರು ಆ ಬೋಳು ತಲೇಲಿ ಎಲ್ಲವ್ರೋ ಏನೋ" ಅಂದಳು.

"ಯಾರ ಬೋಳು ತಲೆ?" ಅಂದೆ.

"ದೊಡ್ಡಯ್ಯೋರ್ದು ಕಣಯ್ಯಾ. ಶ್ರಾವಣದಾಗೆ ಚಿಕ್ಕತಿರುಪತೀಲಿ ಮುಡಿ ಕೊಟ್ಟು ಬಂದ್ರಲ್ಲ, ನಮ್ಮನೆಯೋರ ಜೊತೆ. ಮೀಸೆನೂ ತೆಗೆಸಿಬಿಟ್ರು. ಎಳೇ ಕೂಸು ಕಂಡಂಗೆ ಕಾಣೋರು."

ಯಾವ ದಿನವೆಂದು ಕೇಳಿ ಲೆಕ್ಕ ಹಾಕಿದೆ. ಸುಬೇದಾರರೇ, ಅದು ಆಗಸ್ಟ್ 27ರ ಶನಿವಾರ. ಅವನು ಮನೆಬಿಟ್ಟು ಹೋಗುವುದಕ್ಕೆ ಹತ್ತು ದಿನ ಮೊದಲು. ಅಂದರೆ ಊರೆಲ್ಲ ಹಂಚಿದ ಆ ಫೋಟೋದಲ್ಲಿದ್ದ ಮನುಷ್ಯ ಅವತ್ತು ಈ ಭೂಮಿಯ ಮೇಲೇ ಇರಲಿಲ್ಲ.

ಕೂಗಾಡಿದೆ. ಎರಡು ತಿಂಗಳಿಂದ ಇದನ್ನು ಯಾಕೆ ಹೇಳಲಿಲ್ಲ ಎಂದು ಅವಳ ಮೇಲೆ ಹಾರಾಡಿದೆ. ಅವಳು ಸೌಟನ್ನು ಕೆಳಗಿಟ್ಟು, "ನಿಮಗ್ ಗೊತ್ತಿಲ್ಲ ಅಂತ ನಂಗೇನ್ ಗೊತ್ತು? ಒಂದೇ ಅಂಗಳದಾಗೆ ಇರೋರು ನೀವು. ಆ ಫೋಟೋ ನೋಡಿ, ಮೀಸೆ ಇರೋದೇ ಚೆಂದಾಗೈತೆ ಅಂತ ಹಾಕವ್ರೆ ಅನ್ಕೊಂಡೆ. ನನ್ನ ಯಾರು ಕೇಳಿದ್ರು? ಆ ಸೀಟಿ ಊದೋರೂ ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ" ಅಂದಳು.

ಸುಬೇದಾರರೇ, ಅವನ ಮುಖವನ್ನು ನಾನು ನೋಡಿರಲಿಲ್ಲ. ಒಂದೇ ಅಂಗಳದಲ್ಲಿದ್ದು ಹತ್ತು ತಿಂಗಳು ನಮಗೆ ಮಾತಿರಲಿಲ್ಲ. ಹೋದ ವರ್ಷ ದೀಪಾವಳಿಯ ಹೊತ್ತಿಗೆ ಅವನ ಎರಡು ಹಸುಗಳನ್ನು ನಾನು ನಾಗರಬಾವಿಯವರಿಗೆ ಕೊಟ್ಟುಬಿಟ್ಟೆ. ಸುತ್ತಮುತ್ತ ಹೊಸ ಮನೆಗಳಾಗಿದ್ದವು, ಸಗಣಿಯ ವಾಸನೆ, ನೊಣ ಎಂದು ಅಕ್ಕಪಕ್ಕದವರು ದೂರುತ್ತಿದ್ದರು. ಅವನು ಮದುವೆಯೊಂದಕ್ಕೆ ಮಾಗಡಿಗೆ ಹೋಗಿದ್ದ. ಬಂದು ಖಾಲಿ ಗೂಟ ನೋಡಿದ. ಅವತ್ತಿನಿಂದ ಅವನು ಹಿತ್ತಲ ಬಾಗಿಲಿನಿಂದ ಓಡಾಡಿದ, ನಾನು ಮುಂದಿನ ಬಾಗಿಲಿನಿಂದ.

ಇದನ್ನು ನಿಮಗೆ ಹೇಗೆ ಹೇಳುವುದು? ಅಣ್ಣತಮ್ಮಂದಿರಿಗೆ ಮಾತಿಲ್ಲವೆಂದು ಇಪ್ಪತ್ತಾರು ಜನರ ಮುಂದೆ, ಬೀದಿಯ ಮುಂದೆ? ಆದ್ದರಿಂದ ಮಾತಾಡಿಕೊಂಡೇ ಹೊರಟ ಎಂದೆ. ಬಿಳಿ ಶರ್ಟು ಎಂದೆ. ಹಸಿರು ಶಾಲು ಅವನ ಹತ್ತಿರ ಇತ್ತೆಂಬುದು ನೆನಪಿತ್ತು, ಸೇರಿಸಿದೆ. ಉಪ್ಪಿಟ್ಟನ್ನೂ ಸೇರಿಸಿದೆ. ಸುಳ್ಳು ಅನ್ನುವುದಕ್ಕಿಂತ, ಗೊತ್ತಿರಬೇಕಾಗಿದ್ದ ಉತ್ತರ ಗೊತ್ತಿಲ್ಲದೆ ಹೋದಾಗ ಪರೀಕ್ಷೆಯಲ್ಲಿ ಏನಾದರೂ ತುಂಬಿಸಿ ಬರುತ್ತೇವಲ್ಲ, ಹಾಗೆ. ಅವನು ಹೊರಟದ್ದನ್ನು ನಾನು ಕಂಡೇ ಇಲ್ಲ. ಸಂಜೆ ಪಾಪಮ್ಮ ಬಂದು, ಮಧ್ಯಾಹ್ನದ ತಟ್ಟೆ ಹಾಗೇ ಇದೆ ಎಂದಾಗಲೇ ತಿಳಿದದ್ದು.

ಇನ್ನೊಂದು ಮಾತು. ಆ ಮುಡಿಯ ಹರಕೆ ಯಾವುದಕ್ಕೆಂದು ಪಾಪಮ್ಮನನ್ನು ಕೇಳಿದೆ. "ನಿಮ್ಮ ಆಪರೇಸನ್ ಸುಸೂತ್ರವಾಗ್ಲಿ ಅಂತ ಹೊತ್ಕೊಂಡಿದ್ರು. ಅವತ್ತು ಬಂದೋರೇ ಪ್ರಸಾದ ಕೊಡಕ್ಕೆ ನಿಮ್ಮ ಮುಂದಿನ ಬಾಗ್ಲಿಗೇ ಬಂದಿದ್ರಲ್ಲ" ಅಂದಳು.

ನೆನಪಾಯಿತು. ಜಗುಲಿಯ ಮೇಲೆ ಪೇಪರ್ ಓದುತ್ತಿದ್ದೆ. ಪೇಪರ್ ಮುಖಕ್ಕೆ ಅಡ್ಡವಿತ್ತು. ಯಾರೋ ಬಂದು ನಿಂತಂತಾಯಿತು. ಪಾಪಮ್ಮ ಎಂದುಕೊಂಡು, "ಅಲ್ಲಿಡು" ಅಂದೆ. ಇಟ್ಟುಹೋದರು. ಆಮೇಲೆ ನೋಡಿದರೆ ಲಾಡು.

ಕೋಣೆಯಲ್ಲಿ ಏನೇನಿಲ್ಲವೆಂದು ನೋಡಿ ಪಾಪಮ್ಮ ಹೇಳಿದ ಸರಿಯಾದ ವಿವರವನ್ನು ಬೇರೆ ಹಾಳೆಯಲ್ಲಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಕೈಯಿಲ್ಲದ ಬನಿಯನ್ನು, ನೀಲಿ ಅಂಚಿನ ಪಂಚೆ, ಗೊಬ್ಬರದ ಚೀಲ ಹೊಲಿದು ಮಾಡಿದ ಕೈಚೀಲ, ಕಾಲಿಗೆ ಟೈರಿನ ಚಪ್ಪಲಿ. ಹಸಿರು ಶಾಲು ಹಿತ್ತಲ ಕೋಣೆಯ ಗಳುವಿನ ಮೇಲೆ ಹಾಗೇ ಇದೆ.

ಹುಡುಕಿ ಎಂದು ಕೇಳಲು ನನಗೆ ಮುಖವಿಲ್ಲ. ಕೇಳುತ್ತಿದ್ದೇನೆ.

ಚಿಕ್ಕಹನುಮಯ್ಯ


ಕೆಂಗೇರಿ
22-11-1983

ಶ್ರೀ ಚಿಕ್ಕಹನುಮಯ್ಯನವರಿಗೆ,

ಪತ್ರ ಬಂದಿತು. ಹಾಳೆಯೂ ಬಂದಿತು. ಹೊಸ ಕರಪತ್ರ ಇವತ್ತೇ ಅಚ್ಚಿಗೆ ಕೊಟ್ಟೆ. ಅದರಲ್ಲಿ ಫೋಟೋ ಇಲ್ಲ.

ಏಳು ಭಾನುವಾರ ವ್ಯರ್ಥವಾದದ್ದಕ್ಕೆ ನಿಮ್ಮ ಮೇಲೆ ಕೋಪವಿದೆ, ಇಲ್ಲವೆನ್ನುವುದಿಲ್ಲ. ನನ್ನ ಮೇಲೂ ಇದೆ. ನಿಮ್ಮ ಮನೆಗೆ ಐದು ಸಲ ಬಂದೆ. ಐದು ಸಲವೂ ಪಾಪಮ್ಮ ಬಾಗಿಲ ಹಿಂದೆ ನಿಂತಿದ್ದರು. ಮನೆಯ ಯಜಮಾನರನ್ನು ಕೇಳಿ ಎದ್ದು ಬಂದೆ. ಇನ್ನು ಮುಂದೆ ಯಾರೇ ಕಾಣೆಯಾದರೂ ಅನ್ನ ಬಡಿಸಿದವರನ್ನು ಮೊದಲು ಕೇಳಬೇಕು ಎಂದು ಬಳಗದ ಪುಸ್ತಕದಲ್ಲಿ ಬರೆದಿದ್ದೇವೆ.

ಭಾನುವಾರ ನೀವು ಬರಬೇಡಿ. ಮನೆಯಲ್ಲಿರಿ.

ಇತಿ,
ಮುನಿರಾಮಯ್ಯ


ಕೆಂಗೇರಿ
5-12-1983

ಶ್ರೀ ಚಿಕ್ಕಹನುಮಯ್ಯನವರಿಗೆ,

ಕೂತುಕೊಂಡು ಓದಿ. ನಿಮ್ಮ ಅಣ್ಣ ಇದ್ದಾರೆ. ಆರೋಗ್ಯವಾಗಿದ್ದಾರೆ.

ಹೊಸ ಕರಪತ್ರ ಕೈಗೆ ಕೊಟ್ಟ ಕೂಡಲೇ ನಮ್ಮ ಲೈನ್‌ಮನ್ ಬೆಟ್ಟಯ್ಯ ತಲೆಯ ಮೇಲೆ ಕೈಯಿಟ್ಟುಕೊಂಡ. "ಅಯ್ಯೋ ಗುರುವೇ, ಇವರು ನಮಗೆ ನೀರು ಕೊಟ್ಟೋರು ಕಣ್ರೀ!" ಅಂದ. ಹಿಂದೆ ಒಂದು ತೋಟದಲ್ಲಿ ತುಂಡು ಕೂದಲಿನ, ನುಣ್ಣನೆಯ ಮುಖದ ಒಬ್ಬ ಹಿರಿಯರು ನಮಗೆಲ್ಲ ಬಿಂದಿಗೆಯಿಂದ ನೀರು ಹಾಕಿದ್ದರು. ನಾನೇ ಅವರಿಗೆ ಫೋಟೋ ತೋರಿಸಿದ್ದೆ. ತುಂಬ ಹೊತ್ತು ನೋಡಿ, "ಮೀಸೆ ಚೆಂದಾಗೈತೆ" ಎಂದು ವಾಪಸ್ಸು ಕೊಟ್ಟಿದ್ದರು. ಯಾವ ಭಾನುವಾರ ಎಂದು ಹೇಳುವುದಿಲ್ಲ. ಹೇಳಿದರೆ ನೀವು ನಕ್ಷೆ ಹಿಡಿದು ಕೂರುತ್ತೀರಿ.

ಈಗ ಕಷ್ಟದ ಮಾತು. ಅವರು ಬುದ್ಧಿ ಸರಿಯಿಲ್ಲದೆ ಹೋದವರಲ್ಲ, ದಾರಿ ತಪ್ಪಿದವರಲ್ಲ. ತೋಟದಲ್ಲಿ ಹೂವು ಬಿಡಿಸುತ್ತಾರೆ, ಅವರಿಗೊಂದು ಕೋಣೆಯಿದೆ, ಊಟವಿದೆ. ತಾವಿರುವ ಜಾಗ ತಮ್ಮನಿಗೆ ಹೇಳಬೇಡಿ ಎಂದರು. ನಮ್ಮ ಬಳಗಕ್ಕೆ ಒಂದು ನಿಯಮವಿದೆ. ಸಿಕ್ಕವರು ದೊಡ್ಡವರಾಗಿದ್ದು, ಗಟ್ಟಿಯಾಗಿದ್ದು, ಹೇಳಬೇಡಿ ಎಂದರೆ, ಬದುಕಿದ್ದಾರೆ ಎಂಬಷ್ಟನ್ನೇ ಮನೆಯವರಿಗೆ ತಿಳಿಸುವುದು. ಠಾಣೆಗೂ ಅವರನ್ನೇ ಕರೆದುಕೊಂಡು ಹೋಗಿ ಹೇಳಿಕೆ ಕೊಡಿಸಿದ್ದೇನೆ. ಅಲ್ಲಿಯ ಕಡತ ಮುಗಿಯಿತು.

ಕಾಗದ ಬರೆದರೆ ತಲುಪಿಸುತ್ತೇನೆ. ಅವರಿಗೆ ಓದು ಬಾರದೆಂದು ತಿಳಿಯಿತು. ನಾನೇ ಓದಿ ಹೇಳಬೇಕಾಗುತ್ತದೆ. ಅದನ್ನು ತಿಳಿದು ಬರೆಯಿರಿ.

ಇತಿ,
ಮುನಿರಾಮಯ್ಯ


ಮೂಡಲಪಾಳ್ಯ
11-12-1983

ಸುಬೇದಾರರೇ,

ಇದು ಯಾವ ಊರಿನ ನ್ಯಾಯ? ಮೂರು ತಿಂಗಳು ನಾನು ಆಸ್ಪತ್ರೆಗಳ ಶವಾಗಾರಕ್ಕೆ ಹೋಗಿ ಬಟ್ಟೆ ಸರಿಸಿ ಸರಿಸಿ ನೋಡಿದ್ದೇನೆ. ಪ್ರತಿ ಸಲವೂ ಮೀಸೆಯನ್ನೇ ಹುಡುಕಿದ್ದೇನೆ. ಈಗ ಸಿಕ್ಕಿದ್ದಾನೆ, ಆದರೆ ಹೇಳುವುದಿಲ್ಲ ಅನ್ನುತ್ತೀರಿ. ನನಗಾಗಿ ಹುಡುಕಲು ಹೊರಟವರು ನೀವು! ಯಾವ ಅಥಾರಿಟಿಯ ಮೇಲೆ ಇದನ್ನು ಮುಚ್ಚಿಡುತ್ತೀರಿ? ಐ ಸ್ಟ್ರಾಂಗ್ಲಿ ಪ್ರೊಟೆಸ್ಟ್. ಇದರ ಮುಂದೆಯೂ ಒಂದು ವಾಕ್ಯ ಇಂಗ್ಲಿಷಿನಲ್ಲಿ ಬರೆಯಬೇಕೆಂದಿದ್ದೆ. ಬರುತ್ತಿಲ್ಲ.

ನೀವು ಭಾನುವಾರ ಹೇಳದಿದ್ದರೇನು? ತೋಟಗಳಿಗೆ ಹೋದದ್ದು ಎರಡೇ ಭಾನುವಾರ, ನಾನು ಬಾರದ ಅದೇ ಎರಡು. ಗುರುವಾರ ಬಸ್ಸು ಹತ್ತಿದೆ. ಒಂದು ಕಡೆ ರಸ್ತೆಯ ಪಕ್ಕದಲ್ಲೇ ಸೇವಂತಿಗೆ ತೋಟವಿತ್ತು. ಬಗ್ಗಿ ಹೂವು ಬಿಡಿಸುತ್ತಿದ್ದವರ ಬೆನ್ನುಗಳು ಕಂಡವು. ಕಂಡಕ್ಟರು, "ಇಳೀತೀರಾ ಯಜಮಾನ್ರೆ?" ಎಂದು ಎರಡು ಸಲ ಕೇಳಿದ. ಇಳಿಯಲಿಲ್ಲ. ಕೊನೆಯ ಸ್ಟಾಪಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ಮನೆಗೆ ಬಂದೆ.

ಅಣ್ಣನಿಗೆ ನಾಲ್ಕು ಪುಟದ ಕಾಗದ ಇಟ್ಟಿದ್ದೇನೆ. ಓದಿ ಹೇಳಿ. ಸ್ವಲ್ಪ ನಿಧಾನವಾಗಿ ಓದಿ, ಅವನಿಗೆ ಎಡಗಿವಿ ಮಂದ. ಅದೊಂದು ನನಗೆ ಖಚಿತವಾಗಿ ಗೊತ್ತು.

ಚಿಕ್ಕಹನುಮಯ್ಯ


ಕೆಂಗೇರಿ
20-12-1983

ಶ್ರೀ ಚಿಕ್ಕಹನುಮಯ್ಯನವರಿಗೆ,

ಓದಿದೆ. ಬಲಗಿವಿಯ ಕಡೆ ಕೂತು ಓದಿದೆ.

ಅಕ್ಕಪಕ್ಕದವರು ದೂರಿದ್ದು, ಕಾರ್ಪೊರೇಷನ್ನಿನ ನೋಟೀಸು, ನೊಣ, ಇದೆಲ್ಲ ಬಂದಾಗ "ಮುಂದಕ್ಕೆ ಓದಿ" ಅಂದರು. ನಿಮ್ಮ ತಾಯಿಯ ಮಾತು ಬಂದಾಗ ಹೂವಿನ ಬುಟ್ಟಿ ಪಕ್ಕಕ್ಕೆ ಸರಿಸಿದರು. ಪಾಪಮ್ಮ ಎಂದುಕೊಂಡು "ಅಲ್ಲಿಡು" ಅಂದೆ ಎಂಬಲ್ಲಿಗೆ ಬಂದಾಗ ಮತ್ತೊಮ್ಮೆ ಓದಿಸಿದರು. ಮುಗಿದ ಮೇಲೆ, "ಅಷ್ಟೇನಾ ಬರ್ದಿರೋದು?" ಅಂದರು. ಅಷ್ಟೇ ಅಂದೆ. "ಇನ್ನೂ ಒಂದು ಐತೆ. ಅವನಿಗೆ ಗೊತ್ತೈತೆ" ಅಂದು ಎದ್ದು ಸಾಲಿನೊಳಗೆ ಹೋದರು.

ಏನೆಂದು ನಾನು ಕೇಳಲಿಲ್ಲ. ಇನ್ನೊಮ್ಮೆ ಬರೆಯುವುದಾದರೆ ಬರೆಯಿರಿ, ಜನವರಿ ಮೊದಲ ವಾರ ಆ ಕಡೆ ಹೋಗುತ್ತೇನೆ. ಕಾಗದವನ್ನು ಅವರು ಇಟ್ಟುಕೊಂಡಿದ್ದಾರೆ.

ಇತಿ,
ಮುನಿರಾಮಯ್ಯ


ಮೂಡಲಪಾಳ್ಯ
3-1-1984

ಅಣ್ಣ,

ಮುನಿರಾಮಯ್ಯನವರು ಓದಿ ಹೇಳುತ್ತಾರೆ. ಪಕ್ಕದಲ್ಲಿ ಯಾರಿದ್ದರೂ ಓದಲಿ, ಕೇಳಿಸಿಕೊಳ್ಳಲಿ.

ಹಸು ಕೊಟ್ಟದ್ದು ನಾನು. ಅಕ್ಕಪಕ್ಕದವರಲ್ಲ. ನೀನು ಊರಲ್ಲಿಲ್ಲದ ದಿನವನ್ನೇ ನೋಡಿ ಕೊಟ್ಟೆ.

ಪಾಪಮ್ಮ ಎಂದುಕೊಂಡೆ ಎಂದು ಬರೆದದ್ದು ಸುಳ್ಳು. ಟೈರಿನ ಚಪ್ಪಲಿಯ ಸದ್ದು ಗೇಟಿನಿಂದಲೇ ಕೇಳಿತ್ತು. ನೀನೇ ಎಂದು ಗೊತ್ತಿತ್ತು. ಹತ್ತು ತಿಂಗಳ ಮೇಲೆ ನೀನಾಗಿ ಬಂದಿದ್ದೀಯ, ಸೋತು ಬಂದಿದ್ದೀಯ ಎಂದುಕೊಂಡೆ. ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ ಎಂದು ಪೇಪರ್ ಇಳಿಸಲಿಲ್ಲ. ನೀನು ನಿಂತೇ ಇದ್ದೆ. ನಾನು ಒಂದು ಪುಟ ಮಗುಚಿ ಹಾಕಿದೆ. ಓದುತ್ತಿರಲಿಲ್ಲ.

ತಪ್ಪಾಯಿತು.

ವಿಳಾಸ ಕೇಳುವುದಿಲ್ಲ.

ನಿನ್ನ ತಮ್ಮ,
ಚಿಕ್ಕ